ಹಗಲು ನಿದ್ದೆ

ಅಗ್ನಿಶಾಮಕ ಠಾಣೆಯಲ್ಲಿ ಅವನ ಪಾಳಿ ಆ ತಿಂಗಳು ಮೂರನೇ ಸಲ ಬದಲಾಗಿತ್ತು. ಹಗಲಾದರೂ ಆರು ಗಂಟೆ ಮಲಗದಿದ್ದರೆ ಹೃದಯ ಕೈಕೊಡುತ್ತದೆ ಎಂದು ಡಾಕ್ಟರು ಹೆದರಿಸಿದ ಮೇಲೆ, ಅವನು ಮಲಗಿದಾಗ ಮನೆಯಲ್ಲಿ ಕುಕ್ಕರ್ ಕೂಡ ಕೂಗುತ್ತಿರಲಿಲ್ಲ.

ಸಂಜೆ ಎದ್ದು ನೋಡಿದರೆ ಹೆಂಡತಿಯ ಕೈಗೆ ಬ್ಯಾಂಡೇಜು.

"ಏನಾಯ್ತೇ?"

"ಅಡುಗೆಮನೆಗೆ ಬೆಂಕಿ ಬಿದ್ದಿತ್ತು. ಈಗ ಆರಿದೆ. ಕಾಫಿ ಪಕ್ಕದ್ಮನೇದು, ಕುಡೀರಿ."

"ಮನೇಲೇ ಫೈರ್‌ಮನ್ ಮಲಗಿದ್ನಲ್ಲ, ಎಬ್ಬಿಸೋದಲ್ವಾ?"

"ಎಬ್ಬಿಸೋಕೆ ಬಂದೆ. ನಿಮ್ಮ ಠಾಣೆಯವರೇ ಬೇಡ ಅಂದ್ರು."

"ಫೋನಲ್ಲಿ ಹೇಳಿದ್ರಾ?"

"ಇಲ್ಲ. ಸೈರನ್ ಹಾಕ್ದೆ ಬಂದು, ಬೆಂಕಿ ಆರಿಸಿ, ನಿಮ್ಮ ಮಂಚದ ಹತ್ರ ನಿಂತು ಪಿಸುಗುಟ್ಟಿದ್ರು: 'ಮಲಗ್ಲಿ ಬಿಡಿ ಅತ್ತಿಗೆ, ರಾತ್ರಿ ಮತ್ತೆ ಅವನ್ದೇ ಡ್ಯೂಟಿ.'"