ಹೊಸ ಕೈ

ಹೊಸ ಅಡುಗೆಕಟ್ಟೆ ರೇಣಮ್ಮನ ಎದೆಗೆ ತಾಕುತ್ತಿತ್ತು.

ತುದಿಗಾಲಲ್ಲಿ ನಿಂತು ನೋಡಿದಳು. ಊಹೂಂ. ಇದರ ಮೇಲೆ ಅವಳು ರೊಟ್ಟಿ ಬಡಿಯುವುದಂತೂ ದೂರ, ಒಲೆಯ ಮೇಲಿನ ಪಾತ್ರೆಯೊಳಗೆ ಇಣುಕಿ ನೋಡುವುದೂ ಆಗದ ಮಾತು.

"ಗಯಾಸಣ್ಣ, ಇದೇನ್ ಕಟ್ಟಿಯೋ, ಗ್ವಾಡಿಯೋ?"

ಗಾರೆ ಕೆಲಸದ ಗಯಾಸ ಥಾಪಿ ತೊಳೆಯುತ್ತಿದ್ದ. "ಅಡಗಿ ಮಾಡೋರ ಮೊಣಕೈ ನೋಡೇ ಕಟ್ಟಿ ಎತ್ತರ ಇಡತೀವಿ ಅಕ್ಕಾರ. ನಿಮ್ಮ ಯಜಮಾನ್ರು ಹುಲಗಪ್ಪಣ್ಣ ಅಳತಿ ಕೊಟ್ಟಾರ. ಅಗೋ, ಸುತಳಿ ಅಲ್ಲೇ ತೂಗಾಕತ್ತದ ನೋಡ್ರಿ."

ಅವನು ಹೊರಟುಹೋದ. ಕಿಟಕಿಯ ಸರಳಿಗೆ ಒಂದು ಸುತಳಿ ಜೋತುಬಿದ್ದಿತ್ತು. ಒಂದು ತುದಿಯನ್ನು ನೆಲಕ್ಕೆ ಹಿಡಿದರೆ ಗಂಟು ಇರುವಲ್ಲಿಗೆ ಮೊಣಕೈ ಬರಬೇಕು. ರೇಣಮ್ಮ ಹಿಡಿದು ನೋಡಿದಳು. ಗಂಟು ಅವಳ ಹೆಗಲ ಹತ್ತಿರ ಬಂತು.

ಹಾಗಾದರೆ ಇಲ್ಲಿ ಅಡುಗೆ ಮಾಡುವವಳು ಯಾವಳೋ ಎತ್ತರದವಳು!

ಶಹಾಪುರದ ಟೈಲ್ಸ್ ಅಂಗಡಿಯಲ್ಲೇ ಅವಳಿಗೆ ಇದು ತಿಳಿಯಬೇಕಿತ್ತು. ಅಡುಗೆಮನೆ ಹೊಸದು ಮಾಡಿಸಿರಿ ಎಂದು ವರ್ಷಗಟ್ಟಲೆ ಗೋಗರೆದರೂ ಕಿವಿಗೆ ಹಾಕಿಕೊಳ್ಳದ ಗಂಡ ಈಗ ಒಮ್ಮೆಲೇ ಅವಸರಕ್ಕೆ ಬಿದ್ದಿದ್ದ. ಅಂಗಡಿಯಲ್ಲಿ ಅವಳು ಮೂರು ತುಂಡುಗಳನ್ನು ಆರಿಸಿ ಪಕ್ಕಪಕ್ಕ ಇಟ್ಟಿದ್ದಳು. ನೆಲಕ್ಕೆ ಕನ್ನಡಿಯಂತೆ ಹೊಳೆಯುವ ಕೆನೆಬಣ್ಣದ ಟೈಲ್ಸ್, ಕಟ್ಟೆಗೆ ಇಳಕಲ್ಲಿನ ಕೆಂಪು ಗ್ರಾನೈಟು, ಒಲೆಯ ಹಿಂದಿನ ಗೋಡೆಗೆ ಕೆನೆಯ ಮೇಲೆ ಕೆಂಪು ಹೂವಿನದು. ಸೀರೆ, ಸೆರಗು, ಕುಪ್ಪಸ ಹೊಂದಿದ ಹಾಗೆ ಮೂರೂ ಹೊಂದಿದ್ದವು. ಅವಳ ಖುಷಿಗೆ ಮಿತಿಯಿರಲಿಲ್ಲ.

ಹುಲಗಪ್ಪ ಮೂರನ್ನೂ ಪಕ್ಕಕ್ಕೆ ಸರಿಸಿದ್ದ.

"ಬ್ಯಾಡ. ನೆಲಕ್ಕ ಒರಟು ಟೈಲ್ಸ್ ಕೊಡ್ರಿ, ಎಣ್ಣಿ ಚೆಲ್ಲಿದ್ರೂ ಜಾರಬಾರದು. ಕಟ್ಟಿಗಿ ಕರಿ ಕಲ್ಲು ಇರ್ಲಿ, ಅರಿಶಿಣ ಬಿದ್ರೂ ಕಾಣಬಾರದು. ಗ್ವಾಡಿಗಿ ಸಾದಾ ಬಿಳೀದು, ಮ್ಯಾಲಿನ ತನಕ. ಏನ್ ಸಿಡಿದ್ರೂ ವರಸಾಕ ಬರಬೇಕು."

ಅಂಗಡಿಯವನು ನಕ್ಕಿದ್ದ. "ಏನ್ರಿ ಅಣ್ಣಾರ, ಅಡಗಿಗಿ ಹೊಸ ಕೈ ಬರಾಕತ್ತದೇನು?"

"ಹೌದು, ಹೊಸ ಕೈ," ಎಂದು ಹುಲಗಪ್ಪ ರಸ್ತೆಯ ಕಡೆ ಮುಖ ತಿರುಗಿಸಿದ್ದ. ಚೇಷ್ಟೆ ಮಾಡುತ್ತಾನೆಂದು ರೇಣಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು, ಪಾಪ!

ಸುರಪುರದ ಬಸ್ ನಿಲ್ದಾಣದ ಹಿಂದೆ ಸುಮಲತಾಳ ರೊಟ್ಟಿ ಅಂಗಡಿ. ಹುಲಗಪ್ಪ ಹುಣಸಗಿ ಬಸ್ಸಿನ ಡ್ರೈವರ್. ಪಾಳಿ ಮುಗಿದ ಮೇಲೆ ಈಚೆಗೆ ದಿನಾ ತಡವಾಗಿ ಬರುತ್ತಿದ್ದ. ಉಗುರಿನ ಸಂದಿಯಲ್ಲಿ ಜೋಳದ ಹಿಟ್ಟು. ಒಂದು ದಿನ ಮುಂಗೈ ಮೇಲೆ ಸುಟ್ಟ ಗಾಯ. ಕೇಳಿದರೆ, "ಇಂಜಿನ್ ಬಡೀತು" ಎಂದ. ಪಕ್ಕದ ಮನೆಯ ದೇವಕ್ಕ ಮಾತ್ರ ಸುಮ್ಮನಿರುವವಳಲ್ಲ. "ನಿನ್ನ ಗಂಡ ಅಕಿ ಒಲಿ ಮುಂದ ಕುಂತಿರ್ತಾನಲ್ಲವ್ವ" ಎಂದು ಹೇಳಿಯೇ ಹೋಗಿದ್ದಳು.

ಸುಮಲತಾ ಗಂಡನಿಲ್ಲದವಳು, ಗಟ್ಟಿಮುಟ್ಟಾದ ಎತ್ತರದ ಹೆಂಗಸು. ರೇಣಮ್ಮನೋ ಸೊರಗಿ ಕಡ್ಡಿಯಾಗಿದ್ದಳು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಕಲಬುರಗಿಯಲ್ಲಿ ದೊಡ್ಡ ಡಾಕ್ಟರ ಕೋಣೆಯಿಂದ ಒಬ್ಬನೇ ಹೊರಬಂದ ಗಂಡ, "ರಕ್ತ ಕಡಿಮಿ ಅದ ಅಷ್ಟ" ಎಂದಿದ್ದ. ಅವತ್ತೇ ಕೇಳದೆ ಒಂದು ರೇಷ್ಮೆ ಸೀರೆ ಕೊಡಿಸಿದ್ದ. ಅದು ಯಾವ ತಪ್ಪನ್ನು ಮುಚ್ಚುವ ಸೀರೆ ಎಂದು ಈಗ ಅವಳಿಗೆ ಗೊತ್ತಾಯಿತು.

ಸುತಳಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನೇರ ಸುಮಲತಾಳ ಅಂಗಡಿಗೆ ನಡೆದಳು. ದಾರಿಯಲ್ಲಿ ಎರಡು ಕಡೆ ಕೂತು ಸುಧಾರಿಸಿಕೊಳ್ಳಬೇಕಾಯಿತು.

"ಎದ್ದು ನಿಂದ್ರು. ಕೈ ಮಡಚು."

ಸುಮಲತಾ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. ರೇಣಮ್ಮ ಸುತಳಿ ಎಳೆದು ಹಿಡಿದಳು. ಗಂಟು ಅವಳ ಮೊಣಕೈಗಿಂತ ನಾಲ್ಕು ಬೆರಳು ಮೇಲೆ ಬಂತು. ಇವಳೂ ಅಲ್ಲ!

"ನಿಂದಲ್ಲಂದ್ರ ಮತ್ಯಾರದು? ನನ್ನ ಅಡಗಿಮನಿಗಿ ಬರೋ ಹೊಸ ಕೈ ಯಾರದು? ನಿನಗ ಗೊತ್ತದ, ಹೇಳ!"

ಸುಮಲತಾಳ ಕಣ್ಣು ತುಂಬಿತು. "ಅಣ್ಣ ಆಣಿ ಹಾಕ್ಯಾನ ಅಕ್ಕಾರ, ನಾ ಹೇಳಾಕ ಬರಂಗಿಲ್ಲ. ಮನಿಗಿ ಹೋಗ್ರಿ. ಅಣ್ಣಗ ಮಾತ್ರ ಏನೂ ಅನಬ್ಯಾಡ್ರಿ."

ಅಣ್ಣನಂತೆ, ಅಣ್ಣ! ರೇಣಮ್ಮ ಬೀದಿಯಲ್ಲೇ ಅತ್ತಳು. ನೋಡಿದವರು ನೋಡಲಿ. ತನ್ನ ಅಡುಗೆಮನೆಯಿಂದ ತನ್ನನ್ನೇ ಹೊರಗೆ ಹಾಕುತ್ತಾರೆ. ಶಾಲೆಯಿಂದ ಹಸಿದು ಬರುವ ಮಗಳ ತಾಟಿಗೆ ನಾಳೆ ಇನ್ನೊಬ್ಬಳು ಬಡಿಸುತ್ತಾಳೆ. ಗಂಡ ಹೋದದ್ದಕ್ಕಿಂತ ಆ ತಾಟಿನ ಯೋಚನೆ ಅವಳ ಹೊಟ್ಟೆಯನ್ನು ಹೆಚ್ಚು ಸುಟ್ಟಿತು. ಇವತ್ತು ಒಂದೋ ಅವನು, ಇಲ್ಲ ತಾನು ಎಂದುಕೊಂಡೇ ಮನೆಯ ಬಾಗಿಲು ತಳ್ಳಿದಳು.

ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು.

ಬಂದೇಬಿಟ್ಟಳೇ! ರೇಣಮ್ಮ ಅಡುಗೆಮನೆಯ ಹೊಸ್ತಿಲಿಗೆ ಬಂದಳು.

ಖಾಕಿ ಅಂಗಿಯ ತೋಳು ಮಡಚಿ, ಬಾಗಿಲಿಗೆ ಬೆನ್ನು ಮಾಡಿ ಹುಲಗಪ್ಪ ನಿಂತಿದ್ದ. ಅವನೊಬ್ಬನೇ. ಆರಡಿ ಗಂಡಸು, ಮನೆಯಲ್ಲಿ ಒಂದು ದಿನ ನೀರಿನ ತಂಬಿಗೆ ಎತ್ತಿದವನಲ್ಲ. ಕರಿ ಕಲ್ಲಿನ ಮೇಲೆ ಬಡಿಯುತ್ತಿದ್ದ ರೊಟ್ಟಿ ನಡುವೆ ಹರಿಯಿತು. ಮುದ್ದೆ ಮಾಡಿ ನಾದಿ ಮತ್ತೆ ಬಡಿದ. ಮತ್ತೆ ಹರಿಯಿತು. ಬಿಳಿ ಗೋಡೆಯ ತುಂಬ ಹಿಟ್ಟು ಸಿಡಿದಿತ್ತು.

ರೇಣಮ್ಮ ಸದ್ದಿಲ್ಲದೆ ಹತ್ತಿರ ಹೋದಳು. ಸುತಳಿಯ ತುದಿಯನ್ನು ಕಾಲಲ್ಲಿ ಅದುಮಿ ಮೇಲಕ್ಕೆ ಎಳೆದಳು. ಗಂಟು ಅವನ ಮೊಣಕೈಗೆ ಸರಿಯಾಗಿ ಬಂತು.

ಹುಲಗಪ್ಪ ತಿರುಗಿ ನೋಡಿದ. ಎರಡೂ ಕೈ ಹಿಟ್ಟಾಗಿದ್ದರಿಂದ ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ.

"ಮಗಳಿಗಂತ ಕಲಿಯಾಕತ್ತೇನಿ ರೇಣಿ. ನಿನ್ನಂಗ ಬರವಲ್ದು."

ರೇಣಮ್ಮನ ಕೈಯಿಂದ ಸುತಳಿ ಜಾರಿತು.

"ಡಾಕ್ಟರ್ ಎಷ್ಟು ದಿನ ಅಂದಾರ್ರಿ?"