ಹುಂಜದ ಉಸಿರು

"ಒಟೀಲಿಯಾ ಅಪಾ, 'ಗಾನ್' ಅಂತ್ಲೇ ಬರೀಲಾ?" ಅವಳ ಗಂಡನ ಗೋರಿಗೆಂದು ಮಾಡಿದ ಕಬ್ಬಿಣದ ಶಿಲುಬೆಯ ಮುಂದೆ ಸೀಮೆಸುಣ್ಣ ಹಿಡಿದು ಕೇಳಿದ, ಅವಳನ್ನು ಅಜ್ಜಿ ಎಂಬರ್ಥದಲ್ಲಿ 'ಅಪಾ' ಎನ್ನುವ ನೆರೆಮನೆಯ ಕಜಾಕ್ ಬೆಸುಗೆಗಾರ ಜುಮಾಬೆಕ್.

ಮುದುಕಿ ಶಿಲುಬೆಯ ಹತ್ತಿರ ಬಂದಳು. ಜರ್ಮನ್ ನಾಡಿನಿಂದ ವೋಲ್ಗಾ ದಡದವರೆಗೂ ಗಂಡನ ಮನೆತನದ ಹೆಸರು 'ಹಾನ್', ಅಂದರೆ ಹುಂಜ. ಯುದ್ಧಕಾಲದಲ್ಲಿ ಅಲ್ಲಿನ ಜರ್ಮನ್ನರನ್ನೆಲ್ಲ ಗಡೀಪಾರು ಮಾಡಿ ರೈಲಿನಲ್ಲಿ ಈ ಕಜಾಕ್ ಬಯಲಿಗೆ ತಂದು ಇಳಿಸಿದ ದಿನ, ತನ್ನ ಲಿಪಿಯಲ್ಲಿ 'ಹ' ಇಲ್ಲದ ರಷ್ಯನ್ ಗುಮಾಸ್ತ ಆ ಉಸಿರಿನಕ್ಷರದ ಬದಲು 'ಗ' ಬರೆದುಕೊಂಡ. "ಹುಂಜದ ಉಸಿರೇ ನಿಲ್ಲಿಸ್ಬಿಟ್ಟ ನೋಡು," ಅಂತ ಗಂಡ ಸಾಯುವವರೆಗೂ ನಗುತ್ತಿದ್ದ.

ಅವಳು ತಣ್ಣನೆಯ ಕಬ್ಬಿಣದ ಮೇಲೆ ಬಾಗಿ "ಹಾ..." ಎಂದು ಉಸಿರುಬಿಟ್ಟಳು. ಮಂಜು ಹಬ್ಬಿತು. ಎಂಟನೇ ವಯಸ್ಸಿಗೇ ಬಿಟ್ಟುಬಂದ ಜರ್ಮನ್ ಶಾಲೆಯ ಅಕ್ಷರಗಳನ್ನು ಬೆರಳು ಕನಸಿನಲ್ಲೆಂಬಂತೆ ತಾನೇ ಬರೆಯಿತು: HAHN.

ಜುಮಾಬೆಕ್ ತನಗೆ ಬರುವ, H ಆಕಾರವೇ 'ನ' ಆಗಿರುವ ರಷ್ಯನ್ ಲಿಪಿಯೆಂದೇ ಕೂಡಿಸಿ ಓದಿದ. "ನ... ಆ... ನ... ಕೊನೇದು ಯಾವ್ದೋ ತಿಳೀಲಿಲ್ಲ. ನಾನ್! ಅಯ್ಯೋ ಅಪಾ, ನಮ್ ಮಾತಲ್ಲಿ ರೊಟ್ಟಿ ಅಂತ ಬರ್ದಿದೀಯಲ್ಲ!"

ಒಟೀಲಿಯಾಳ ಅಂಗೈ ಬೆಚ್ಚಗಾಯಿತು. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಇವನ ಅಜ್ಜಿ, ತನ್ನಂಥ ಹಸಿದ ಜರ್ಮನ್ ಮಕ್ಕಳ ಕೈಗೆ ಬಿಸಿಬಿಸಿ ರೊಟ್ಟಿ ಇಟ್ಟು ಕಲಿಸಿದ ಮೊದಲ ಮಾತು ಅದೇ: ನಾನ್.

"ಸರಿಯಾಗೇ ಓದಿದೀಯ ಕಣೋ," ಎಂದಳು. "ಮಂಜು ಆರೋದ್ರೊಳಗೆ ಅಕ್ಷರದ ಮೇಲೆ ಹಾಗೇ ಗೀಚ್ಕೋ."