ಹನ್ನೆರಡರ ಸೈರನ್

ಹೈಫಾದಲ್ಲಿ ಈಗ ಸೈರನ್ ಕೂಗುವುದು ಶಾಂತಿ ಇನ್ನೂ ಉಳಿದಿದೆ ಎಂದು ಸಾರಲು, ದಿನಾ ಮಧ್ಯಾಹ್ನ ಹನ್ನೆರಡಕ್ಕೆ. ಕೂಗದಿದ್ದರೆ ಯುದ್ಧವೆಂದೇ ಅರ್ಥ.

ಅವತ್ತು ಹನ್ನೆರಡು ದಾಟಿ ನಾಲ್ಕು ನಿಮಿಷವಾದರೂ ಕೂಗಲಿಲ್ಲ. ಅರಬ್ ಕ್ಷೌರಿಕ ಬಶೀರನ ಕತ್ತಿ ಯಹೂದಿ ಮೇಷ್ಟ್ರು ಅವ್ನೇರರ ಗಂಟಲ ಮೇಲೇ ನಿಂತಿತು. ಮೇಷ್ಟ್ರ ಕೈ ಕುರ್ಚಿಯನ್ನು ಬಿಗಿಯಾಗಿ ಹಿಡಿದದ್ದು ಕನ್ನಡಿಯಲ್ಲಿ ಕಂಡು ಬಶೀರನಿಗೆ ಸಂಕಟವಾಯಿತು. ಇಪ್ಪತ್ತು ವರ್ಷದಿಂದ ಇದೇ ಕತ್ತಿಗೆ ಕತ್ತು ಕೊಟ್ಟ ಮನುಷ್ಯ!

“ತಗೊಳ್ಳಿ ಮೇಷ್ಟ್ರೇ, ನೀವೇ ಹಿಡ್ಕೊಳ್ಳಿ,” ಎಂದು ಕತ್ತಿಯನ್ನು ಅವರ ಕೈಗಿಟ್ಟ. ಕೊಟ್ಟ ಮೇಲೆ ತನ್ನ ಕಾಲೂ ಬಾಗಿಲ ಕಡೆ ಒಂದು ಹೆಜ್ಜೆ ಸರಿದದ್ದು ಗೊತ್ತಾಗಿ ನಾಚಿದ.

ಅಷ್ಟರಲ್ಲಿ ಸೈರನ್ ಕೂಗಿತು.

“ಇನ್ನರ್ಧ ಗಡ್ಡ ಬಾಕಿ ಇದೆ ಮೇಷ್ಟ್ರೇ,” ಬಶೀರ ಕೈ ಚಾಚಿದ.

ಮೇಷ್ಟ್ರು ಕತ್ತಿ ಕೊಟ್ಟರು. ಆಮೇಲೆ ನೊರೆ ಒರೆಸಿಕೊಂಡು ಎದ್ದರು.

“ನಾಳೆ ಮಾಡಪ್ಪ. ಸೈರನ್ ಆದ್ಮೇಲೆ ಬರ್ತೀನಿ.”